ಹದಿನೇಳನೆಯ ಅಲಗು

ಇನ್ನೊಮ್ಮೆ ಹೊಡೆದ.

ಚಮಚದ ಬೆನ್ನಿನಿಂದ ಲೋಟದ ಅಂಚಿಗೆ. ಲೋಟ ಠಣ್ಣೆಂದು ಸ್ವಲ್ಪ ಹೊತ್ತು ಹಾಡಿ ಸುಮ್ಮನಾಯಿತು. ಪಕ್ಕದ್ದಕ್ಕೆ ಹೊಡೆದ. ಅದೂ ಹಾಗೇ. ಆರು ಹಿತ್ತಾಳೆ ಲೋಟಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿಕೊಂಡು, ಬೆಳಗಿನ ಆರು ಗಂಟೆಗೆ, ಹಲ್ಲು ಕೂಡ ಉಜ್ಜದೆ, ಜಯಸಿಂಹ ಕಿವಿಯಾನಿಸಿ ನಿಂತಿದ್ದ. ಮದುವೆಯಲ್ಲಿ ವಾರಿಜಾಳ ಸೋದರಮಾವ ಕೊಟ್ಟ ಲೋಟಗಳು. ಆರಕ್ಕೂ ಒಂದೇ ಅಚ್ಚು, ಒಂದೇ ತೂಕ. ಐದು ಒಂದೇ ಸಮ ನುಡಿಯುತ್ತಿದ್ದವು. ಆರನೆಯದು ನಿಜವಾಗಿಯೂ ಬೇರೆಯೋ, ಬೇರೆ ಎಂದು ತನಗೆ ಅನ್ನಿಸುತ್ತಿದೆಯೋ, ತಿಳಿಯಲಿಲ್ಲ.

"ಒಂದು ಲೋಟ ಕೊಡಿ," ವಾರಿಜಾ ಹಿಂದಿನಿಂದ ಕೈ ಚಾಚಿದಳು. "ಕಾಫಿ ಆರ್ತಿದೆ."

"ತಾಳು."

"ಏನು ಕೇಳ್ಸುತ್ತೆ ಅದರಲ್ಲಿ?"

ಅವನು ಚಮಚ ಕೆಳಗಿಟ್ಟ. ಆರನೆಯ ಲೋಟವನ್ನೆತ್ತಿಕೊಂಡು ಹಿತ್ತಲಿಗೆ ಹೋದ. ಒಗೆಯುವ ಕಲ್ಲಿನ ಮೇಲೆ ಅದನ್ನು ಅಡ್ಡ ಮಲಗಿಸಿ, ಒರಳಿನ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹಾಕಿದ. ಲೋಟ ಬಾಯಿ ಮುಚ್ಚಿಕೊಂಡಿತು. ಮತ್ತೆ ಹಾಕಿದ. ಮೂರನೆಯ ಸಲಕ್ಕೆ ಅದು ಹಪ್ಪಳದ ಹಾಗೆ ಚಪ್ಪಟೆಯಾಯಿತು. ಆಮೇಲೂ ನಾಲ್ಕು ಸಲ ಹಾಕಿದ. ಗೋಡೆಯ ಆಚೆ ಪಕ್ಕದ ಮನೆಯ ಸೀತಮ್ಮನವರು ತುಳಸಿಗೆ ನೀರು ಹಾಕುತ್ತಿದ್ದವರು ಹಾಡನ್ನು ಅರ್ಧಕ್ಕೆ ನಿಲ್ಲಿಸಿದರು.

ವಾರಿಜಾ ಬಂದು, ತಗಡಾಗಿದ್ದ ಲೋಟವನ್ನು ಎತ್ತಿ, ತೊಳೆದು, ಸೆರಗಿನಲ್ಲಿ ಒರೆಸಿ, ಉಳಿದ ಐದರ ಪಕ್ಕದಲ್ಲೇ ಇಟ್ಟಳು. ಅವನ ಹೆಬ್ಬೆರಳು ಒಡೆದು ರಕ್ತ ಬರುತ್ತಿತ್ತು. ಚಿಟಿಕೆ ಅರಿಶಿನ ತಂದು ಒತ್ತಿದಳು. ಒತ್ತುವಾಗ ಅವನ ಮುಖ ನೋಡಲಿಲ್ಲ. ನೋವಾದರೆ ನಾಚಿಕೆಯಾದೀತೆಂದು ನೋಡಲಿಲ್ಲ. ಅದು ಅವನಿಗೆ ಗೊತ್ತಾಯಿತು. ಗೊತ್ತಾದದ್ದರಿಂದಲೇ ಅವಳ ಕೈಯನ್ನು ಝಾಡಿಸಿಬಿಡಬೇಕು ಅನ್ನಿಸಿತು.

"ಬಸ್ಸಿಗೆ ಹೊತ್ತಾಯ್ತು," ಎಂದಳು.

ಜಯನಗರದ ಮೂರನೇ ಬ್ಲಾಕಿನ ತಿರುವಿನಲ್ಲಿ ಕಾರ್ಖಾನೆಯ ಬಸ್ಸು ಹತ್ತಿದಾಗ, ಸೀನು ಕಿಟಕಿಯ ಪಕ್ಕದ ಜಾಗದ ಮೇಲೆ ಹಾಕಿದ್ದ ಕರವಸ್ತ್ರ ತೆಗೆದ. ಒಂದೇ ವಿಭಾಗದವರು. ಮೊದಲೆಲ್ಲ ಆ ಕಿಟಕಿಗಾಗಿ ದಿನವೂ ಜಗಳವಾಡುತ್ತಿದ್ದವನು ಸೀನು. ಆಯುಧಪೂಜೆಯಾಗಿ ಇಪ್ಪತ್ತಾರು ದಿನ, ಅಪಘಾತವಾಗಿ ಇಪ್ಪತ್ನಾಲ್ಕು. ಇಪ್ಪತ್ನಾಲ್ಕು ದಿನದಿಂದ ಕಿಟಕಿ ಜಯಸಿಂಹನದಾಗಿತ್ತು.

"ಬೆರಳಿಗೇನಾಯ್ತು ಗುರು?"

"ಕಲ್ಲು ಬಿತ್ತು."

ಸೀನು ತಲೆಯಾಡಿಸಿ ಪೇಪರಿನಲ್ಲಿ ಮುಖ ಮುಚ್ಚಿಕೊಂಡ. ಎಲ್ಲರೂ ಹೀಗೇ. ರೋಗಿಯ ಕೋಣೆಯಲ್ಲಿ ಓಡಾಡುವವರ ಹಾಗೆ ಅವನ ಸುತ್ತ ತುದಿಗಾಲಿನಲ್ಲಿ ನಡೆಯುತ್ತಿದ್ದರು.

ಅವನು ದುಡಿಯುತ್ತಿದ್ದ ಕಂಪನ ವಿಭಾಗವೆಂದರೆ ತಗಡಿನ ಛಾವಣಿಯ ಒಂದು ಉದ್ದನೆಯ ಶೆಡ್ಡು. ಎಂಜಿನ್ನುಗಳ ಹೊಟ್ಟೆಯೊಳಗೆ ತಿರುಗುವ ಚಕ್ರಗಳು ಅಲ್ಲಿಗೆ ಪರೀಕ್ಷೆಗೆ ಬರುತ್ತಿದ್ದವು. ಪ್ರತಿ ಚಕ್ರದ ಅಂಚಿನ ಸುತ್ತ ನಲವತ್ತೊಂದು ಉಕ್ಕಿನ ಅಲಗುಗಳು, ಒಂದೊಂದೂ ಗೇಣುದ್ದ. ತಟ್ಟಿದರೆ ಪ್ರತಿ ಅಲಗೂ ಸೆಕೆಂಡಿಗೆ ಇಷ್ಟು ಸಲವೆಂದು ಅದುರುತ್ತದೆ. ಮೀಟರು ಅದನ್ನು ಎಣಿಸುತ್ತದೆ. ನಲವತ್ತೊಂದೂ ಒಂದೇ ಸಮನಾಗಿದ್ದರೆ, ಬಂದ ನಡುಕವನ್ನು ಎಲ್ಲವೂ ಹಂಚಿಕೊಳ್ಳುತ್ತವೆ. ಒಂದು ಮಾತ್ರ ಕೂದಲೆಳೆಯಷ್ಟು ಬೇರೆಯಾಗಿದ್ದರೆ, ಯಾವುದೋ ಒಂದು ವೇಗದಲ್ಲಿ, ಎಲ್ಲದರ ನಡುಕವೂ ಬಂದು ಆ ಒಂದರ ಮೈ ಸೇರುತ್ತದೆ. ಅದು ತಾಳುವಷ್ಟು ತಾಳಿ ಬುಡದಲ್ಲಿ ಮುರಿಯುತ್ತದೆ.

ಇದನ್ನು ಜಯಸಿಂಹ ಮೂರು ಪುಟದ ಲೆಕ್ಕದಲ್ಲಿ ಬರೆಯಬಲ್ಲವನಾಗಿದ್ದ. ಬೈರಣ್ಣ ಒಂದು ಮಾತಿನಲ್ಲಿ ಹೇಳುತ್ತಿದ್ದ: "ಮನೆ ಮಂದಿ ಸಿಟ್ಟೆಲ್ಲ ಒಬ್ಬಳೇ ಸೊಸೆ ಮ್ಯಾಲೆ ಬೀಳಾಕಿಲ್ವಾ ಸಾ, ಹಂಗೆ."

ಬೈರಣ್ಣ ಕತ್ರಿಗುಪ್ಪೆಯವನು. ಹೊಲ ಲೇಔಟಿಗೆ ಹೋದಮೇಲೆ ಕಾರ್ಖಾನೆಗೆ ಕಸ ಗುಡಿಸಲು ಸೇರಿದವನು. ಸಂತೆಯಲ್ಲಿ ಮಡಕೆ ತಟ್ಟಿ ಕೊಳ್ಳುವ ಹಾಗೆ ಒಂದು ದಿನ ಅಲಗು ತಟ್ಟಿ, "ಇದ್ರಾಗೆ ಬಿರುಕೈತೆ" ಎಂದಿದ್ದ. ಇತ್ತು. ಅಂದಿನಿಂದ ಪೊರಕೆ ಬಿಟ್ಟು ಕೊಡತಿ ಹಿಡಿದ. ಹನ್ನೊಂದು ವರ್ಷ. ಎಣ್ಣೆ ಬಳಿದ ಉಕ್ಕಿನ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲವೆಂದು ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಕುಂಕುಮದ ಒಂದು ಪೊಟ್ಟಣ. ದನಿ ಕೆಟ್ಟ ಅಲಗಿಗೆ ಒಂದು ಬೊಟ್ಟು. ಬೊಟ್ಟು ಕಂಡ ಅಲಗನ್ನು ಬಿಚ್ಚಿ ಮತ್ತೆ ನೋಡುವುದು ವಿಭಾಗದ ಪದ್ಧತಿ. ಯಾವ ಪುಸ್ತಕದಲ್ಲೂ ಬರೆಯದ ಪದ್ಧತಿ.

ಆಯುಧಪೂಜೆಯ ಹಿಂದಿನ ದಿನ ಬೈರಣ್ಣ ಹದಿನೇಳನೆಯ ಅಲಗನ್ನು ತಟ್ಟಿ ಮುಖ ಸೊಟ್ಟ ಮಾಡಿದ್ದ. ಮೀಟರು ಮೂರು ಎಣಿಕೆ ಕಡಿಮೆ ತೋರಿಸಿತ್ತು, ಐದರವರೆಗೆ ಮಾಫಿ. ಜಯಸಿಂಹ ಎಲ್ಲರೆದುರಿಗೆ ಅಂದಿದ್ದ: "ಮೀಟರಿಗೆ ಆರು ಸಾವಿರ ಕೊಟ್ಟಿದೀವಿ ಬೈರಣ್ಣ. ನಿನ್ನ ಕಿವಿಗೆ ಎಷ್ಟು ಕೊಟ್ಟಿದೀವಿ?" ಹುಡುಗರು ನಕ್ಕಿದ್ದರು. ಬೈರಣ್ಣನೂ ನಕ್ಕಿದ್ದ. ಸಂಜೆ ಎರಡು ದಿನದ ರಜೆ ಹಾಕಿ ಊರಿಗೆ ಹೊರಟ.

ಮರುದಿನ ಪೂಜೆ. ಮಾವಿನೆಲೆ, ಬೂದುಗುಂಬಳ, ಕಡಲೆಪುರಿ. ಪರೀಕ್ಷೆಗೆ ಸಿದ್ಧವಾಗಿದ್ದ ಚಕ್ರವನ್ನು ಮಣೆಯ ಮೇಲಿಟ್ಟು ಹುಡುಗರು ಹೇಳಿದರು: "ನೀವೇ ಕುಂಕುಮ ಇಡಿ ಸಾರ್, ನಿಮ್ಮ ಕೈ ನೆಟ್ಟಗೆ ಹೋಗುತ್ತೆ." ಅವನು ಇಟ್ಟ. ನಲವತ್ತೊಂದಕ್ಕೂ, ಬುಡದಿಂದ ಒಂದೇ ಅಂತರದಲ್ಲಿ, ಒಂದೇ ಗಾತ್ರದ ಬೊಟ್ಟು. ಎಲ್ಲರೂ ಮೆಚ್ಚಿದರು. ಮೂರನೆಯ ದಿನ ಬೆಳಿಗ್ಗೆ ಚಕ್ರವನ್ನು ಹಾಗೆಯೇ ಗುಂಡಿಗಿಳಿಸಿ ತಿರುಗಿಸಿದರು.

ಗುಂಡಿಯೆಂದರೆ ಕಾಂಕ್ರೀಟಿನ ಬಾವಿ. ಮೇಲೆ ಕಬ್ಬಿಣದ ಮುಚ್ಚಳ, ಅದರಲ್ಲೊಂದು ದಪ್ಪ ಗಾಜಿನ ಕಿಂಡಿ, ಪಕ್ಕದಲ್ಲೇ ಚಕ್ರ ನಿಲ್ಲಿಸಲು ಎಳೆಯುವ ಕಬ್ಬಿಣದ ಸನ್ನೆ. ಸುತ್ತ ಹತ್ತಡಿ ದೂರಕ್ಕೆ ಹಳದಿ ಗೆರೆ. ತಿರುಗುವಾಗ ಗೆರೆಯೊಳಗೆ ಯಾರೂ ಬರುವಂತಿಲ್ಲ. ರಜೆ ಮುಗಿಸಿ ತಡವಾಗಿ ಬಂದ ಬೈರಣ್ಣ ಚಕ್ರದ ದನಿ ಕೇಳಿ ಬಾಗಿಲಲ್ಲೇ ಬುತ್ತಿ ಎಸೆದು, "ನಿಲ್ಸಿ, ಬೊಟ್ಟು ನೋಡ್ಲಿಲ್ವಾ" ಎಂದು ಕಿರುಚುತ್ತ ಗೆರೆ ದಾಟಿ ಸನ್ನೆಗೆ ಕೈ ಹಾಕಿದ. ಅಷ್ಟರಲ್ಲಿ ಹದಿನೇಳನೆಯದು ಮುರಿಯಿತು. ಒಂದು ಮುರಿದು ಪಕ್ಕದ್ದನ್ನು ಕತ್ತರಿಸಿತು, ಅದು ಅದರ ಪಕ್ಕದ್ದನ್ನು. ಮುಚ್ಚಳ ಎದ್ದು ಛಾವಣಿಗೆ ಬಡಿಯಿತು. ತಗಡುಗಳು ಎಲೆಗಳಂತೆ ಉದುರಿದವು. ಹೊಗೆ ಇಳಿದಾಗ ಬೈರಣ್ಣನ ಬಲಗೈ ಸನ್ನೆಯನ್ನು ಹಿಡಿದುಕೊಂಡೇ ಇತ್ತು. ಬೈರಣ್ಣ ನಾಲ್ಕಡಿ ಆಚೆ ಕೂತಿದ್ದ. ಕಿವಿಗಳಿಂದ ಎರಡು ಸಣ್ಣ ಕೆಂಪು ಗೆರೆ ಕತ್ತಿಗೆ ಇಳಿದಿದ್ದವು.

"ಸಾ," ಎಂದಿದ್ದ. "ನಿಮ್ಗೇನಾರ ಆಯ್ತಾ?"

ಈ ಮಾತು ಇಪ್ಪತ್ನಾಲ್ಕು ದಿನದಿಂದ ಜಯಸಿಂಹನ ತಲೆಯೊಳಗೆ ಸೆಕೆಂಡಿಗೆ ಇಷ್ಟು ಸಲವೆಂದು ಬಡಿಯುತ್ತಿತ್ತು. ಅವನಿಗೆ ಏನೂ ಆಗಿರಲಿಲ್ಲ. ಅಂಗಿಯ ತೋಳಿಗೆ ಎಣ್ಣೆ ಸಿಡಿದಿತ್ತು.

ಹತ್ತು ಗಂಟೆಗೆ ಸೂಪರಿಂಟೆಂಡೆಂಟ್ ಜಯದೇವಪ್ಪ ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಕಾಗದ.

"ಕೂತ್ಕೊಳ್ಳಿ. ಕಾಫಿ?"

"ಬೇಡ ಸಾರ್."

"ಕುಡೀರಿ." ಅವರೇ ಫ್ಲಾಸ್ಕಿನಿಂದ ಬಗ್ಗಿಸಿದರು. "ನಮ್ಮನೇದು. ಕ್ಯಾಂಟೀನಿಂದಲ್ಲ."

ಕಾಗದದಲ್ಲಿ ಎರಡೇ ಸಾಲು ಮುಖ್ಯ. ಪರೀಕ್ಷೆಗೆ ಮುಂಚೆ ಯಾರಿಂದಲೂ, ಯಾವ ರೀತಿಯಲ್ಲೂ, ಎಚ್ಚರಿಕೆ ಬಂದಿರಲಿಲ್ಲ. ಗಾಯಾಳು ತಾನಾಗಿಯೇ ಹಳದಿ ಗೆರೆ ದಾಟಿದ್ದಾನೆ. ಕೆಳಗೆ ಎರಡು ಖಾಲಿ ಜಾಗ. ಒಂದು ಅವನ ಸಹಿಗೆ, ಒಂದು ಬೈರಣ್ಣನ ಹೆಬ್ಬೆಟ್ಟಿಗೆ.

"ಬೊಟ್ಟಿನ ವಿಷಯ..." ಎಂದ ಜಯಸಿಂಹ.

"ಯಾವ ಬೊಟ್ಟು? ಎಲ್ಲಾದಕ್ಕೂ ಇತ್ತಲ್ಲ."

"ಎಲ್ಲಾದಕ್ಕೂ ಇತ್ತು."

"ಮತ್ತೆ?"

ಜಯಸಿಂಹ ಕಾಫಿ ಕುಡಿದ. ಚೆನ್ನಾಗಿತ್ತು.

"ನೋಡಿ, ಇದಾಗ್ಲಿಲ್ಲ ಅಂದ್ರೆ ಕಮಿಟಿ ಕೂರುತ್ತೆ. ಯಾರು ಏನು ನೋಡಿದ್ರು, ಯಾರು ನೋಡ್ಲಿಲ್ಲ ಅಂತೆಲ್ಲ ಬರುತ್ತೆ. ನಿಮಗೆ ವಯಸ್ಸು ಮೂವತ್ತೈದು. ನೀವೇ ಹೋಗಿ ಹೆಬ್ಬೆಟ್ಟು ಹಾಕಿಸ್ಕೊಂಡು ಬನ್ನಿ. ನೀವಂದ್ರೆ ಅವನಿಗೆ ಜೀವ."

"ತಪ್ಪು ಅವನದು ಅಂತಾಗುತ್ತೆ."

"ಕೈ ಹೇಗೂ ಬರಲ್ಲ," ಎಂದರು ಜಯದೇವಪ್ಪ. ಕ್ರೂರವಾಗಿಯಲ್ಲ, ಒಳ್ಳೆಯ ಮನುಷ್ಯ. ಆಸ್ಪತ್ರೆಯಲ್ಲಿ ಮೊದಲ ಎರಡು ರಾತ್ರಿ ಬೈರಣ್ಣನ ಮಂಚದ ಪಕ್ಕ ಕೂತಿದ್ದವರು ಅವರೇ.

ಜಯಸಿಂಹ ತನ್ನ ಶೆಡ್ಡಿಗೆ ಹಿಂತಿರುಗಿ, ಒಂದು ಬೋಳು ಚಕ್ರದ ಮೇಲೆ ನುಣುಪು ಮರಳು ಚೆಲ್ಲಿ ಅದುರಿಸುವ ಯಂತ್ರ ಹಾಕಿದ. ಇದು ಅವನ ಇಷ್ಟದ ಕೆಲಸ. ಮರಳು ಎದ್ದೆದ್ದು ಹಾರಿ, ನಡುಗುವ ಜಾಗಗಳನ್ನೆಲ್ಲ ಬಿಟ್ಟು, ನಡುಗದ ಗೆರೆಗಳ ಮೇಲೆ ಹೋಗಿ ಬೀಳುತ್ತದೆ. ಚಕ್ರವಿಡೀ ಹುಚ್ಚಾಗಿ ಅದುರುತ್ತಿದ್ದರೂ ಆ ಗೆರೆಗಳಿಗೆ ಏನೂ ಗೊತ್ತಿಲ್ಲ. ಒಂಬತ್ತು ವರ್ಷ ಅದನ್ನು ಸುಂದರವೆಂದುಕೊಂಡಿದ್ದ. ಇವತ್ತು ನೋಡುತ್ತ ನೋಡುತ್ತ, ಗೆರೆಗಳ ಮೇಲೆ ಅಂಗೈಯಿಂದ ಫಟೀರನೆ ಹೊಡೆದ. ಒಡೆದ ಹೆಬ್ಬೆರಳು ಮತ್ತೆ ಬಾಯಿ ಬಿಟ್ಟಿತು. ಮರಳು ಮತ್ತೆ ಎದ್ದು, ಮತ್ತೆ ಅದೇ ಗೆರೆಗಳಿಗೆ ಹೋಗಿ ಕೂತಿತು.

ಊಟದ ನಂತರ ಜೀಪು ಕೊಟ್ಟರು. ಡ್ರೈವರ್ ರಾಮಯ್ಯ ಟಾರು ಮುಗಿಯುವಲ್ಲಿ ಇಳಿಸಿ, "ಕಾಯ್ಲಾ ಸಾರ್?" ಎಂದ. ಜಯಸಿಂಹ ಬೇಡವೆಂದ. ಕತ್ರಿಗುಪ್ಪೆಗೆ ಅಲ್ಲಿಂದ ಬದುವಿನ ದಾರಿ. ಎರಡೂ ಕಡೆ ಹೊಲ, ಹೊಲದಲ್ಲಿ ಸೈಟು ಗುರುತು ಮಾಡಿದ ಕಲ್ಲುಗಳು. ಕಲ್ಲುಗಳ ನಡುವೆ ಯಾರೋ ಹಟಕ್ಕೆ ಅವರೆ ಹಾಕಿದ್ದರು. ಒಂದು ನಾಯಿ ಬೊಗಳುತ್ತ ಹಿಂದೆ ಬಂತು. ಅವನು ಕಲ್ಲೆತ್ತಿ ಬೀಸಿದ. ಪಕ್ಕೆಗೆ ತಗುಲಿ ಅದು ಅರಚಿತು. ಇನ್ನೊಂದು ಕಲ್ಲಿಗೆ ಬಗ್ಗಿದಾಗ ನಾಯಿಯಾಗಲೇ ಓಡಿಹೋಗಿತ್ತು. ಕಲ್ಲು ಕೈಯಲ್ಲೇ ಉಳಿಯಿತು. ಬೈರಣ್ಣನ ಮನೆಯ ಜಗಲಿ ಕಂಡಾಗ ಅದನ್ನು ಮೆಲ್ಲಗೆ ಕೆಳಗಿಟ್ಟ.

ಬೈರಣ್ಣ ಜಗಲಿಯಲ್ಲಿ ಕೂತಿದ್ದ. ಬಲಗೈಯ ಮೊಂಡಿಗೆ ಬಿಳಿ ಬಟ್ಟೆ. ಮುಂದೆ ನಾಲ್ಕು ಮಡಕೆ ಬೋರಲು ಹಾಕಿಕೊಂಡು ಎಡಗೈಯ ಗೆಣ್ಣಿನಿಂದ ಒಂದೊಂದನ್ನೇ ತಟ್ಟುತ್ತಿದ್ದ. ತಟ್ಟಿ ಕೆನ್ನೆಯನ್ನು ಮಡಕೆಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. ಜಯಸಿಂಹನ ನೆರಳು ಬಿದ್ದಮೇಲೇ ತಲೆಯೆತ್ತಿದ್ದು.

"ಸಾ!" ಕಿವುಡರ ಎತ್ತರದ ದನಿ. "ಸೊಣ್ಣಾ, ಬಾರೇ ಇಲ್ಲಿ, ನಮ್ ಸಾಯೇಬ್ರು ಬಂದವ್ರೆ. ಚಾಪೆ ತಾ."

ಅವನ ಹೆಂಡತಿ ಸೊಣ್ಣಮ್ಮ ಚಾಪೆ ಹಾಸಿದಳು. ಹಾಸಿ, ಅವನು ಕೂರುವ ಕಡೆಯ ಧೂಳನ್ನು ಸೆರಗಿನಿಂದ ಇನ್ನೊಮ್ಮೆ ಹೊಡೆದಳು. "ಅವ್ರಿಗೆ ಏನೂ ಕೇಳ್ಸಾಕಿಲ್ಲ ಸ್ವಾಮಿ. ಕಿವಿ ಪೂರ್ತಿ ಹೋಗೈತೆ. ನೀವು ಬಾಯಾಡ್ಸಿ ಸಾಕು, ಖುಷಿ ಆಯ್ತದೆ." ಮಜ್ಜಿಗೆ ತರಲು ಒಳಗೆ ಹೋದಳು.

"ನಿಮ್ಗೇನೂ ಆಗ್ಲಿಲ್ವಲ್ಲ, ಅದೇ ಪುಣ್ಯ," ಬೈರಣ್ಣ ಕೂಗುತ್ತಿದ್ದ. "ಸೀನಪ್ಪಾರು ಬಂದಿದ್ರು. ಸಕ್ಕರೆ ಬಾಳೆಹಣ್ಣು ತಂದಿದ್ರು. ಎಲ್ರೂ ಒಳ್ಳೇರು ಸಾ. ಮೀಟ್ರು ಚೆಂದಾಗೈತಾ?"

ಜಯಸಿಂಹ ತಲೆಯಾಡಿಸಿದ. ಕಾಗದ ತೆಗೆದು ತೊಡೆಯ ಮೇಲೆ ಬಿಡಿಸಿದ. ಓದಿ ಹೇಳಬೇಕಾಗಿರಲಿಲ್ಲ, ಓದಿದರೂ ಕೇಳಿಸುವಂತಿರಲಿಲ್ಲ. ಇಲ್ಲಿ ಏನು ಹೇಳಿದರೂ ಒಂದೇ. ಈ ಯೋಚನೆ ಬಂದದ್ದೇ ತಡ, ಒಳಗೆ ಏನೋ ಬುಡದಲ್ಲಿ ಕಳಚಿಕೊಂಡಿತು.

"ನಾನು ನೋಡಿದ್ದೆ," ಎಂದ.

ಬೈರಣ್ಣ ನಗುತ್ತ ಅವನ ತುಟಿಗಳನ್ನೇ ನೋಡುತ್ತಿದ್ದ.

"ಪೂಜೆ ದಿನ ನಾನು ಕುಂಕುಮ ಇಡೋಕೆ ಶುರು ಮಾಡಿದಾಗ ಹದಿನೇಳನೇದಕ್ಕೆ ಆಗ್ಲೇ ಬೊಟ್ಟಿತ್ತು. ನಿನ್ನ ಬೊಟ್ಟು. ಸೊಟ್ಟಗೆ, ದೊಡ್ಡದಾಗಿ. ನನಗೆ ಗೊತ್ತಿತ್ತು ಅದೇನು ಅಂತ. ಬಿಚ್ಚಿಸಬೇಕಿತ್ತು. ಬಿಚ್ಚಿಸಿದ್ರೆ ನಿನ್ನ ಕಿವಿ ಸರಿ, ನಾನು ತಪ್ಪು ಅಂತಾಗ್ತಿತ್ತು. ಅಷ್ಟು ಜನರ ಮುಂದೆ ನಗಾಡಿದ್ದೆನಲ್ಲ. ಅದನ್ನ ಬಟ್ಟೇಲಿ ಒರೆಸಿದೆ. ಒರೆಸಿ, ಬೇರೆಯವಕ್ಕೆ ಇಟ್ಟಷ್ಟೇ ಚಿಕ್ಕದಾಗಿ, ಅದಕ್ಕೂ ಇಟ್ಟೆ. ಕೇಳಿಸ್ತಿದೆಯೇನೋ? ನಾನೇ ಒರೆಸಿದ್ದು."

ಬೈರಣ್ಣ ತಲೆದೂಗಿದ. "ಊ ಸಾ, ಊ," ಎಂದ.

ಜಯಸಿಂಹ ಅವನ ಭುಜ ಹಿಡಿದು ಅಲ್ಲಾಡಿಸಿದ. "ಹೊಡಿಯೋ. ಇನ್ನೊಂದು ಕೈ ಇದೆಯಲ್ಲ, ಹೊಡಿ." ಬೈರಣ್ಣನ ಹಗುರ ಮೈ ಅವನ ಹಿಡಿತದಲ್ಲಿ ಗಡಗಡ ಅಲ್ಲಾಡಿತು, ಮೊಂಡುಗೈ ಗೋಡೆಗೆ ತಗುಲಿತು. ನೋವಿನಿಂದ ಮುಖ ಕಿವುಚಿದರೂ ಬೈರಣ್ಣ ನಗುವುದನ್ನು ಬಿಡಲಿಲ್ಲ. ಒಂದು ಮಡಕೆ ಉರುಳಿ ಜಗಲಿಯಿಂದ ಬಿದ್ದು ಒಡೆಯಿತು. ಬೈರಣ್ಣ ಆ ಕಡೆ ತಿರುಗಿಯೂ ನೋಡಲಿಲ್ಲ.

ಬಾಗಿಲಲ್ಲಿ ಸೊಣ್ಣಮ್ಮ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಜಯಸಿಂಹ ಕೈ ತೆಗೆದ.

ಅವಳು ಬಂದು ಲೋಟವನ್ನು ಅವನ ಮುಂದಿಟ್ಟಳು. "ಕುಡೀರಿ. ಬಿಸಿಲಾಗೆ ಬಂದಿದೀರಿ." ಒಡೆದ ಮಡಕೆಯ ಚೂರುಗಳನ್ನು ಒಂದೊಂದಾಗಿ ಮಡಿಲಿಗೆ ಆರಿಸಿಕೊಂಡಳು. ಆಮೇಲೆ ಕಾಗದದ ಕಡೆ ನೋಡಿದಳು. "ಹೆಬ್ಬೆಟ್ಟು ಬೇಕಾ?"

ಅವನು ಕಾಗದದ ಮಡಿಕೆ ಸರಿಮಾಡಿದ.

"ಮಸಿ ತಂದಿದೀರಾ?"

ಮಸಿಯ ಡಬ್ಬಿ ಜೀಪಿನಲ್ಲೇ ಉಳಿದಿತ್ತು. ಸೊಣ್ಣಮ್ಮ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಳು. ಎರಡು ಹನಿ ಹರಳೆಣ್ಣೆ ಹಾಕಿ ಬೆರಳಲ್ಲಿ ಕಲೆಸಿ ಗಂಡನ ಮುಂದೆ ಹಿಡಿದಳು. ಕಾಗದ ತೋರಿಸಿ, ತನ್ನ ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ತೋರಿಸಿದಳು. ಮುಖದಲ್ಲಿ ಏನೂ ಇರಲಿಲ್ಲ.

ಬೈರಣ್ಣನಿಗೆ ಅರ್ಥವಾಯಿತು. "ನೀವು ತಂದೀರಿ ಅಂದ್ರೆ ಸರಿನೇ ಇರ್ತದೆ," ಎಂದು ಹೆಬ್ಬೆರಳನ್ನು ಬಟ್ಟಲಲ್ಲಿ ಅದ್ದಿದ. ಕಾಗದದ ಮೇಲೆ ತಂದು ನಿಲ್ಲಿಸಿದ. ನಿಲ್ಲಿಸಿದವನು ಜಯಸಿಂಹನ ಮುಖವನ್ನು ನೋಡಿದ. ಹನ್ನೊಂದು ವರ್ಷ ಅಲಗುಗಳನ್ನು ನೋಡುತ್ತಿದ್ದ ಹಾಗೆ, ಕತ್ತನ್ನು ಸ್ವಲ್ಪ ಓರೆ ಮಾಡಿ. ನಗು ಮೆಲ್ಲಗೆ ಆರಿತು. ಕೈಯನ್ನು ಕಾಗದದ ಮೇಲಿಂದ ಎತ್ತಿ, ಬಾಗಿದ ಗೆಣ್ಣಿನಿಂದ ಜಯಸಿಂಹನ ಎದೆಗೂಡಿಗೆ ಒಮ್ಮೆ ತಟ್ಟಿದ. ಅಂಗೈಯನ್ನು ಅಲ್ಲೇ ಒತ್ತಿಟ್ಟು ಕಣ್ಣು ಮುಚ್ಚಿದ. ಜಯಸಿಂಹ ಉಸಿರು ಹಿಡಿದ. ಉಸಿರು ಹಿಡಿದರೂ ಒಳಗಿನ ನಡುಕ ನಿಲ್ಲಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಬೈರಣ್ಣ ಕಣ್ಣು ತೆರೆದ. ಹೆಬ್ಬೆರಳನ್ನು ಜಯಸಿಂಹನ ಹಣೆಗೆ ಒತ್ತಿದ. ಸೊಟ್ಟಗೆ, ದೊಡ್ಡದಾಗಿ. ಉಳಿದ ಕುಂಕುಮವನ್ನು ತನ್ನ ಪಂಚೆಗೆ ಒರೆಸಿಕೊಂಡು, ಮೂರು ಮಡಕೆಗಳ ಕಡೆ ತಿರುಗಿ ಮತ್ತೆ ತಟ್ಟತೊಡಗಿದ.

ಅದು ಹರಸಿದ್ದೋ ಗುರುತು ಹಾಕಿದ್ದೋ, ಕೇಳುವಂತಿರಲಿಲ್ಲ. ಜಯಸಿಂಹ ಕಾಗದ ಮಡಿಚಿ ಎದ್ದ. ಸೊಣ್ಣಮ್ಮ ಬೇಲಿಯವರೆಗೆ ಬಂದಳು. ಒಂದು ಹಳೆಯ ಬಟ್ಟೆಯಲ್ಲಿ ಅವರೆಕಾಯಿ ಗಂಟು ಕಟ್ಟಿ ತಂದಿದ್ದಳು.

"ಅಮ್ಮಾವ್ರಿಗೆ ಕೊಡಿ. ಸೊಗಡು ಇನ್ನೂ ಬಂದಿಲ್ಲ, ಆದ್ರೂ ಸಾರಿಗೆ ಆಯ್ತದೆ." ಗಂಟನ್ನು ಅವನ ಕೈಗೆ ಹಾಕಿದಳು. "ಬಂದ ದಾರೀಲಿ ಹೋಗ್ಬ್ಯಾಡಿ, ಹೊತ್ತಿಳೀತು. ಹಿಂಗೇ ಹೋದ್ರೆ ಬನಶಂಕರಮ್ಮನ ಗುಡಿ ತಾವ ಬಸ್ಸು ಸಿಕ್ತದೆ. ಇವತ್ತು ಮಂಗಳವಾರ."

"ಸೊಣ್ಣಮ್ಮ..."

"ಅವ್ರಿಗೆ ಕೇಳ್ಸಾಕಿಲ್ಲ ಸ್ವಾಮಿ," ಎಂದಳು. ಬೇಲಿಯ ಮುಳ್ಳಿನ ತಡಿಕೆ ಎಳೆದಳು. "ನಂಗೆ ಕೇಳ್ಸ್ತದೆ."

ಬದುವಿನ ಮೇಲೆ ಅವನು ಬೇಗ ಬೇಗ ನಡೆದ. ಒರೆಸಿಕೊಳ್ಳಲು ಎರಡು ಸಲ ಕರವಸ್ತ್ರ ತೆಗೆದ. ಎರಡು ಸಲವೂ ಕೈ ಹಣೆಯವರೆಗೆ ಹೋಗಿ ನಿಂತಿತು. ಒಮ್ಮೆ ಒರೆಸಿದವನು ಇನ್ನೊಮ್ಮೆ ಒರೆಸಲಾರ ಎಂದುಕೊಂಡ. ಆ ಯೋಚನೆ ಒಂದು ಕ್ಷಣ ಅವನಿಗೆ ಹಿಡಿಸಿತು. ಈ ಗುರುತು ಇಟ್ಟುಕೊಂಡೇ ಹೋಗುವುದು, ಜನ ನೋಡಲಿ, ವಾರಿಜಾ ಕೇಳಲಿ, ನಾಳೆ ಜಯದೇವಪ್ಪನವರು ಕೇಳಲಿ. ಎಣ್ಣೆ ಮೆಲ್ಲಗೆ ಹುಬ್ಬಿನ ನಡುವೆ ಇಳಿಯುತ್ತಿತ್ತು.

ಕನಕಪುರ ರಸ್ತೆಗೆ ಬಂದಾಗ ಐದಾಗಿತ್ತು. ರಾಹುಕಾಲದ ಪೂಜೆ ಮುಗಿದು ಗುಡಿಯಿಂದ ಜನ ಬರುತ್ತಿದ್ದರು; ನಿಂಬೆಹಣ್ಣಿನ ದೀಪ ಹಚ್ಚಿ ಬಂದ ಹೆಂಗಸರು, ಕೂಸುಗಳು, ಮುದುಕರು. ಬಸ್ಸು ಬಂತು. ಎಲ್ಲರೂ ಒಟ್ಟಿಗೆ ನುಗ್ಗಿದರು. ಅವನನ್ನೂ ಹೊತ್ತುಕೊಂಡೇ ಒಳಗೆ ಹಾಕಿದರು. ಒಬ್ಬ ಮುದುಕಿ ಮಗುವನ್ನು ತೊಡೆಗೆಳೆದುಕೊಂಡು ಪಕ್ಕಕ್ಕೆ ಸರಿದಳು.

"ಕೂತ್ಕೊಳಪ್ಪ, ಸುಸ್ತಾಗಿದೀಯ." ಅವನ ಹಣೆ ನೋಡಿ ಮುಖವರಳಿಸಿದಳು. "ದರ್ಶನ ಚೆನ್ನಾಗಾಯ್ತಾ?"

ಅವರೆಕಾಯಿಯ ಗಂಟು ತೊಡೆಯ ಮೇಲೆ ಭಾರವಾಗಿತ್ತು. ಕಾಗದ ಎದೆಯ ಜೇಬಿನಲ್ಲಿ ಚುಚ್ಚುತ್ತಿತ್ತು.

"ಆಯ್ತು," ಎಂದ.

ಡ್ರೈವರು ಎಂಜಿನ್ ಹಾಕಿದ. ತಗಡು, ಕಿಟಕಿ, ಕಂಬಿ, ಸೀಟು, ಒಳಗಿದ್ದ ಅಷ್ಟೂ ಜನ ಒಂದೇ ಸಮನೆ ಅದುರತೊಡಗಿದರು. ಮುಂದೆ ಡ್ರೈವರನ ತಲೆಯ ಮೇಲೆ ಅಗಲವಾದ ಕನ್ನಡಿಯಿತ್ತು. ಅದರಲ್ಲಿ ಸಾಲು ಸಾಲಾಗಿ ನಡುಗುವ ಹಣೆಗಳು, ಪ್ರತಿ ಹಣೆಯ ಮೇಲೂ ಕೆಂಪು ಬೊಟ್ಟು. ಜಯಸಿಂಹ ಕತ್ತು ಚಾಚಿ ಅದರಲ್ಲಿ ತನ್ನದು ಯಾವುದೆಂದು ಹುಡುಕತೊಡಗಿದ.